ಮಗು ತಾನೇ ತಿನ್ನೋಕೆ ಶುರು ಮಾಡಿದೆಯಾ? ಚಮಚ, ಫೋರ್ಕ್ ಹೀಗೆ ಆರಿಸಿ

ಮಗುವಿಗೆ ಚಮಚ ಬೇಕು ಅಂತ ಬರುವವರನ್ನು ನಾನು ಮೊದಲು ಎರಡು ಮಾತು ಕೇಳುತ್ತೇನೆ. ಮಗುವಿಗೆ ಎಷ್ಟು ತಿಂಗಳು? ಬೆಳಿಗ್ಗೆ ಅದಕ್ಕೆ ಏನು ತಿನ್ನಿಸುತ್ತೀರಿ? ಎರಡನೇ ಪ್ರಶ್ನೆಗೆ ಎಲ್ಲರೂ ಮುಖ ನೋಡುತ್ತಾರೆ, ಇವರಿಗ್ಯಾಕೆ ನಮ್ಮನೆ ತಿಂಡಿ ವಿಚಾರ ಅನ್ನೋ ಹಾಗೆ. ಆದರೆ ಇರೋದೇ ಅಲ್ಲಿ. ರಾಗಿ ಸರಿ ತಿನ್ನುವ ಮಗುವಿನ ಚಮಚ ಬೇರೆ, ಇಡ್ಲಿ ಚೂರು ತಿನ್ನುವ ಮಗುವಿನದು ಬೇರೆ. ಹಿಡಿಯ ಮೇಲೆ ಆನೆಮರಿ ಇದೆಯೋ ಜಿರಾಫೆ ಇದೆಯೋ ಅನ್ನುವುದನ್ನು ಆಮೇಲೆ ನೋಡೋಣ.

ತುಮಕೂರಿನ ಮಂಡಿಪೇಟೆ ಕಡೆ ನಮ್ಮದು ಪಾತ್ರೆ ಅಂಗಡಿ. ಮಾವನವರು ಶುರು ಮಾಡಿದ್ದು. ಮದುವೆ ಸಾಮಾನು, ಹೋಟೆಲ್ ಆರ್ಡರ್ ಎಲ್ಲ ನಮ್ಮ ಯಜಮಾನರು ನೋಡಿಕೊಳ್ಳುತ್ತಾರೆ. ಬಿಡಿ ಸಾಮಾನಿನ ಕೌಂಟರ್ ನನ್ನದು. ಚಮಚ, ಸೌಟು, ಜಾಲರಿ, ಹಸುಗೂಸಿನ ಬಾಯಿಗೆ ಹಾಲು ಹುಯ್ಯುವ ಒಳಲೆ, ಮಕ್ಕಳ ಲೋಟ ಎಲ್ಲ ನನ್ನ ಕೈಕೆಳಗೆ. ಮಗಳ ಮಗ ಈಗ ಒಂದೂವರೆ ವರ್ಷದವನು. ಹಾಗಾಗಿ ಸರಕು ಪರೀಕ್ಷೆ ಮಾಡೋಕೆ ಮನೆಯಲ್ಲೇ ಒಬ್ಬ ಸಾಹೇಬ ಇದ್ದಾನೆ.

ಮೊದಲು ವಯಸ್ಸಿನ ಮಾತು. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ಮೆತ್ತಗಿನ ಊಟ ಶುರುವಾಗುತ್ತದೆ. ಆಗ ಚಮಚ ಇರುವುದು ನಿಮ್ಮ ಕೈಯಲ್ಲಿ. ಎಂಟು ಒಂಬತ್ತು ತಿಂಗಳಿಗೆ ಮಗು ಆ ಚಮಚವನ್ನೇ ಕಿತ್ತುಕೊಳ್ಳೋಕೆ ನೋಡುತ್ತದೆ. ತುಂಬಾ ಜನ ಇದನ್ನು ತುಂಟತನ ಅಂದುಕೊಂಡು ಕೈ ಹಿಡಿದುಬಿಡುತ್ತಾರೆ. ಹಾಗೆ ಮಾಡಬೇಡಿ, ಆ ಕೈಗೆ ಇನ್ನೊಂದು ಚಮಚ ಕೊಡಿ. ತಟ್ಟೆಗೆ ಬಡಿಯಲಿ, ಬಾಯಲ್ಲಿ ಇಟ್ಟು ಕಚ್ಚಲಿ. ಅಮೆರಿಕದ ಸಿಡಿಸಿ ಅನ್ನೋ ಆರೋಗ್ಯ ಸಂಸ್ಥೆಯ ಪಟ್ಟಿಯೊಂದನ್ನು ಮಗಳು ಫೋನಿನಲ್ಲಿ ತೋರಿಸಿದಳು. ಅದನ್ನು 2022ರಲ್ಲಿ ತಿದ್ದಿ ಬರೆದಿದ್ದಾರಂತೆ. ನೂರಕ್ಕೆ 75 ಮಕ್ಕಳಾದರೂ ಆ ವಯಸ್ಸಿಗೆ ಮಾಡುವುದನ್ನೇ ಅದರಲ್ಲಿ ಹಾಕಿದ್ದಾರೆ. 18 ತಿಂಗಳಿಗೆ ಚಮಚ ಬಳಸೋಕೆ ಪ್ರಯತ್ನ ಮಾಡುತ್ತದೆ, 2 ವರ್ಷಕ್ಕೆ ಚಮಚದಲ್ಲಿ ತಿನ್ನುತ್ತದೆ, 3 ವರ್ಷಕ್ಕೆ ಫೋರ್ಕ್ ಬಳಸುತ್ತದೆ ಅಂತ ಇದೆ. ಒಂದು ವರ್ಷದ ಮಗು ಚೆಲ್ಲುತ್ತದೆ ಅಂತ ಬೇಜಾರಾಗುವವರು ಇದನ್ನು ನೆನಪಿಟ್ಟುಕೊಳ್ಳಿ. ಚೆಲ್ಲದ ಒಂದು ವರ್ಷದ ಮಗು ಎಲ್ಲೂ ಇಲ್ಲ.

ಮುಷ್ಟಿಗೆ ಕೊಟ್ಟು ನೋಡಿ

ಚಮಚ ತಗೊಳ್ಳೋಕೆ ಬರುವಾಗ ಮಗುವನ್ನೂ ಕರ್ಕೊಂಡು ಬನ್ನಿ. ಚಪ್ಪಲಿ ತಗೊಳ್ಳುವಾಗ ಕಾಲಿಗೆ ಹಾಕಿ ನೋಡೋದಿಲ್ವಾ? ಮೊನ್ನೆ ಒಬ್ಬ ಹುಡುಗಿ ತನ್ನ ಮಗಳನ್ನು ಎತ್ತಿಕೊಂಡು ಬಂದಳು. ಮಗುವನ್ನು ಕೌಂಟರ್ ಮೇಲೆ ಕೂರಿಸಿ, ಮೊದಲು ಒಂದು ಟೀ ಚಮಚ ಕೊಟ್ಟೆ. ಅದು ಹಿಡಿಯ ನಡುವಿಗೆ ಕೈ ಹಾಕಿತು. ಬಾಯಿಗೆ ತಂದಾಗ ಹಿಂದಿನ ತುದಿ ಕಿವಿಯ ಹತ್ತಿರ ಹೋಯಿತು, ತಾಯಿ ಬಗ್ಗಿದಾಗ ಅವಳ ಕನ್ನಡಕಕ್ಕೆ ಟಕ್ ಅಂತ ತಗುಲಿತು. ಆಮೇಲೆ ಗಿಡ್ಡ ಹಿಡಿಯ ದಪ್ಪ ಚಮಚ ಕೊಟ್ಟೆ. ಐದೂ ಬೆರಳು ಸುತ್ತಿಕೊಂಡು ಸುತ್ತಿಗೆ ಹಿಡಿದ ಹಾಗೆ ಹಿಡಿಯಿತು. ಮೊಣಕೈ ಮೇಲೆತ್ತಿ, ಅಂಗೈ ಕೆಳಗೆ ಮಾಡಿ, ನೇರ ಬಾಯಿಗೆ. ಬಾಯಿಯ ಹತ್ತಿರ ಬರುತ್ತಿದ್ದ ಹಾಗೆ ಚಮಚ ಮಗುಚಿತು. ಅದರಲ್ಲಿ ಏನೂ ಇರಲಿಲ್ಲ, ಆ ಮಾತು ಬೇರೆ.

ಈ ಮಗುಚುವುದು ಯಾಕೆ ಗೊತ್ತಾ? ಈ ವಯಸ್ಸಿನಲ್ಲಿ ತೋಳು ಹೇಳಿದ ಮಾತು ಕೇಳುತ್ತದೆ, ಮಣಿಕಟ್ಟು ಇನ್ನೂ ಕೇಳುವುದಿಲ್ಲ. ನಾವು ಚಮಚ ಎತ್ತುವಾಗ ಮಣಿಕಟ್ಟು ತಾನಾಗಿ ತಿರುಗಿ ಚಮಚವನ್ನು ಮಟ್ಟವಾಗಿ ಇಡುತ್ತದೆ. ಮಗುವಿಗೆ ಅದು ನಿಧಾನವಾಗಿ ಬರಬೇಕು. ಆದ್ದರಿಂದ ಮೊದಲ ಚಮಚದ ಹಿಡಿ ಗಿಡ್ಡ ಇರಬೇಕು, ದಪ್ಪ ಇರಬೇಕು. ಮಗು ಮುಷ್ಟಿ ಕಟ್ಟಿದಾಗ ಆಚೆ ಈಚೆ ಒಂದೊಂದು ಬೆರಳಿನಷ್ಟು ಹಿಡಿ ಕಂಡರೆ ಸಾಕು. ತಲೆಯಿಂದ ತುದಿಗೆ 10ರಿಂದ 12 ಸೆಂಟಿಮೀಟರ್ ಇದ್ದರೆ ಸರಿಯಾಗುತ್ತದೆ. ನಮ್ಮ ಮಾಮೂಲಿ ಟೀ ಚಮಚ ಅದಕ್ಕಿಂತ ಉದ್ದ, ಹಿಡಿಯೂ ತೆಳ್ಳಗೆ. ಹಿಡಿ ದಪ್ಪ ಆಗಲಿ ಅಂತ ಕೆಲವರು ರಬ್ಬರ್ ಬ್ಯಾಂಡ್ ಸುತ್ತುತ್ತಾರೆ. ಅದು ಬೇಡವೇ ಬೇಡ, ಮಗು ಅದನ್ನು ಕಿತ್ತು ನುಂಗುತ್ತದೆ.

ಇನ್ನು ಚಮಚದ ಗುಳಿ. ಅಗಲ ಮಗುವಿನ ಬಾಯಿಗಿಂತ ಕಮ್ಮಿ ಇರಬೇಕು. ಬಾಯಿಯ ಎರಡೂ ಮೂಲೆಗೆ ತಾಗುವ ಚಮಚವನ್ನು ಮಗು ಒಳಗೆ ಬಿಟ್ಟುಕೊಳ್ಳುವುದಿಲ್ಲ, ತುದಿ ನೆಕ್ಕಿ ಸುಮ್ಮನಾಗುತ್ತದೆ. ಆಳ ಹೆಚ್ಚಿದ್ದರೆ ಮೇಲಿನ ತುಟಿ ತಳ ಮುಟ್ಟುವುದಿಲ್ಲ, ಅರ್ಧ ತಿನಿಸು ಗುಳಿಯಲ್ಲೇ ಉಳಿಯುತ್ತದೆ. ಹಾಗಂತ ಪೂರ್ತಿ ಚಪ್ಪಟೆ ಆದರೆ ಗಂಜಿ ನಿಲ್ಲುವುದಿಲ್ಲ. ಗಟ್ಟಿ ಸರಿ, ಮೊಸರನ್ನ ತಿನ್ನುವ ಮಗುವಿಗೆ ಆಳ ಕಡಿಮೆ ಇರಲಿ. ಅನ್ನ ಸಾರು ತಿನ್ನುವ ಹೊತ್ತಿಗೆ ಸ್ವಲ್ಪ ಆಳದ್ದು ಕೊಡಿ. ಬೆಳಿಗ್ಗೆ ಏನು ತಿನ್ನಿಸುತ್ತೀರಿ ಅಂತ ನಾನು ಕೇಳುವುದು ಇದಕ್ಕೇ.

ಬಿಡಿ ಚಮಚದ ಟ್ರೇ

ನಮ್ಮಂಥ ಅಂಗಡಿಗಳಲ್ಲಿ ಚಮಚಗಳನ್ನು ಟ್ರೇಗಳಲ್ಲಿ ಸುರಿದಿಟ್ಟಿರುತ್ತಾರೆ. ಡಬ್ಬದ ಸೆಟ್‌ಗಿಂತ ನಾನು ಆ ಟ್ರೇ ಕಡೆಗೇ ಜನರನ್ನು ಕಳಿಸುವುದು. ಸೆಟ್‌ನಲ್ಲಿ ಒಂದು ಚಮಚ ಚೆನ್ನಾಗಿದ್ದರೆ ಅದರ ಫೋರ್ಕ್ ಕೆಲಸಕ್ಕೆ ಬಾರದು, ಫೋರ್ಕ್ ಚೆನ್ನಾಗಿದ್ದರೆ ಚಮಚ ಭಾರ. ಬಿಡಿಯಾಗಿ ಮೂರು ನಾಲ್ಕು ತಗೊಳ್ಳಿ. ಒಂದು ಮಗುವಿನ ಕೈಗೆ, ಒಂದು ನಿಮ್ಮ ಕೈಗೆ, ಒಂದು ನೆಲಕ್ಕೆ ಬೀಳೋಕೆ.

ಟ್ರೇಯಲ್ಲಿ ಮಗುವಿಗೆ ಆಗುವ ಹಾಗೆ ಕಾಣುವ ಚಮಚ ಮೂರು ಥರ ಇರುತ್ತವೆ. ಬೇಬಿ ಚಮಚ ಅಂತಲೇ ಬರುವುದು ಒಂದು. ಗಿಡ್ಡ, ಗುಳಿ ಗುಂಡಗೆ. ಸಾಮಾನ್ಯವಾಗಿ ಇದೇ ಸರಿ. ಎರಡನೆಯದು ಐಸ್‌ಕ್ರೀಂ ಚಮಚ, ಮುಂದಿನ ಅಂಚು ಚೌಕ, ಗುಳಿ ಚಪ್ಪಟೆ. ಉದ್ದ ಸರಿ ಅನ್ನಿಸಿದರೂ ಆ ಚೌಕದ ಮೂಲೆಗಳು ತುಟಿಗೆ ಒತ್ತುತ್ತವೆ, ಬೇಡ. ಮೂರನೆಯದು ಮಸಾಲೆ ಡಬ್ಬಿಯ ಚಮಚ. ಗಿಡ್ಡ ಇರುವುದರಿಂದ ಅಜ್ಜಿಯರು ಇದನ್ನೇ ಎತ್ತಿ ಕೊಡುತ್ತಾರೆ. ಅಳತೆಯೇನೋ ಸರಿಹೋಗುತ್ತದೆ. ತೊಂದರೆ ಇರುವುದು ಅಂಚಿನಲ್ಲಿ. ಅದು ಖಾರದ ಪುಡಿ ತೆಗೆಯೋಕೆ ಅಂತ ತೆಳು ತಗಡಿನಲ್ಲಿ ಒತ್ತಿ ತೆಗೆದದ್ದು, ಅಂಚನ್ನು ಯಾರೂ ಉಜ್ಜಿ ನಯ ಮಾಡಿರುವುದಿಲ್ಲ.

ಅಂಚು ನೋಡುವುದು ಹೇಗೆ ಅಂತ ಹೇಳುತ್ತೇನೆ. ಬೆರಳು ಸವರಿದರೆ ಸಾಲದು, ಕೆಲಸ ಮಾಡಿದ ಬೆರಳಿಗೆ ಸಣ್ಣ ಸಿಬಿರು ಗೊತ್ತೇ ಆಗುವುದಿಲ್ಲ. ಸ್ವಲ್ಪ ಹತ್ತಿ ತಗೊಂಡು ಚಮಚದ ಅಂಚಿನ ಸುತ್ತ ಎಳೆಯಿರಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಆ ಚಮಚ ವಾಪಸ್ ಟ್ರೇಗೆ. ಹತ್ತಿ ಇಲ್ಲದಿದ್ದರೆ ನಿಮ್ಮ ತುಟಿಯ ಒಳಭಾಗಕ್ಕೇ ತಾಗಿಸಿ ನೋಡಿ, ತೊಳೆದು ಆಮೇಲೆ. ಹಿಡಿಯ ಹಿಂದಿನ ತುದಿಯನ್ನೂ ನೋಡಿ. ಮಗು ಚಮಚವನ್ನು ತಿರುಗಾಮುರುಗಾ ಹಿಡಿದು ಆ ತುದಿಯನ್ನೂ ಬಾಯಿಗೆ ಇಡುತ್ತದೆ.

ಪ್ಲಾಸ್ಟಿಕ್ ಹಿಡಿಗೆ ಸ್ಟೀಲ್ ತಲೆ ಕೂರಿಸಿದ ಚಮಚಗಳು ನೋಡೋಕೆ ಚೆಂದ, ಹಿಡಿಯೋಕೂ ದಪ್ಪ. ಅವುಗಳಲ್ಲಿ ನೋಡಬೇಕಾದ್ದು ಎರಡೂ ಸೇರುವ ಜಾಗ. ಕಿವಿಯ ಹತ್ತಿರ ಅಲ್ಲಾಡಿಸಿ, ಗಡಗಡ ಅಂದರೆ ಸಡಿಲ ಇದೆ ಅಂತ. ಮನೆಗೆ ತಂದ ಮೇಲೂ ತೊಳೆದು ನೆಟ್ಟಗೆ ನಿಲ್ಲಿಸಿ. ಸ್ವಲ್ಪ ಹೊತ್ತಾದ ಮೇಲೆ ಆ ಸಂದಿನಿಂದ ನೀರು ಜಿನುಗಿದರೆ ಒಳಗೆ ಟೊಳ್ಳಿದೆ, ಹಾಲು ಗಂಜಿ ಎಲ್ಲ ಒಳಗೆ ಹೋಗಿ ಕೊಳೆಯುತ್ತದೆ. ವಾಸನೆ ಬಂದರಂತೂ ಯೋಚನೆ ಮಾಡದೆ ಎಸೆಯಿರಿ.

ಸ್ಟೀಲ್ ವಿಚಾರಕ್ಕೆ ಬಂದರೆ, 304 ಅಂತ ಅಥವಾ 18/8 ಅಂತ ಗುರುತು ಇದ್ದರೆ ಒಳ್ಳೆಯದು. ನೂರಕ್ಕೆ 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಅಂತ ಅದರ ಲೆಕ್ಕ. 202 ಅನ್ನುವುದು ಅಗ್ಗ. ಅದರಲ್ಲಿ ನಿಕ್ಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ, ಹುಳಿಗೆ ಉಪ್ಪಿಗೆ ಬೇಗ ಕಲೆ ಬೀಳುತ್ತದೆ. ಕೆಲವರು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡೇ ಅಂಗಡಿಗೆ ಬರುತ್ತಾರೆ. ಅಂಟಲಿಲ್ಲ ಅಂದರೆ ಅಪ್ಪಟ 304 ಅಂತ ಅವರ ನಂಬಿಕೆ. ಆದರೆ 202ಕ್ಕೂ ಅದು ಅಂಟುವುದಿಲ್ಲ, ಅಲ್ವಾ? ಅಂಟುವುದು 430ಕ್ಕೆ. ಅದರಲ್ಲಿ ನಿಕ್ಕಲ್ ಇರುವುದಿಲ್ಲ, ಆದರೂ ಚಮಚಕ್ಕೆ ನಡೆಯುತ್ತದೆ, ಒರೆಸಿ ಒಣಗಿಸಿ ಇಡಬೇಕು ಅಷ್ಟೆ. ಅಯಸ್ಕಾಂತ ಮನೆಯಲ್ಲಿಟ್ಟು ಬನ್ನಿ. ಗುರುತು ನೋಡಿ, ಬಿಲ್ ಕೇಳಿ, ಅಂಚು ನೋಡಿ.

ಸಿಲಿಕಾನ್ ಚಮಚ ನಾನೂ ಮಾರುತ್ತೇನೆ. ನೀವೇ ತಿನ್ನಿಸುವಾಗ, ಹಲ್ಲು ಬರುವ ಮುಂಚೆ, ಅದು ಒಸಡಿಗೆ ಹಿತ. ಬಿಸಿಯೂ ಬೇಗ ತಾಗುವುದಿಲ್ಲ. ಆದರೆ ಮಗು ತಾನೇ ಗೋರಿ ತಿನ್ನುವಾಗ ಅದು ಬಾಗುತ್ತದೆ, ಉಪ್ಪಿಟ್ಟಿನೊಳಗೆ ನುಗ್ಗುವುದೇ ಇಲ್ಲ. ಹಲ್ಲು ಬಂದ ಮೇಲೆ ಕಚ್ಚಿ ಚೂರು ಕಿತ್ತುಕೊಳ್ಳುವ ಭಯ ಬೇರೆ. ಹಲ್ಲಿನ ಗುರುತು ಆಳವಾಗಿ ಬಿದ್ದ ಸಿಲಿಕಾನ್ ಚಮಚ ಇಟ್ಟುಕೊಳ್ಳಬೇಡಿ. ಸಾರಿನ ಅರಿಶಿನ ಹತ್ತಿ ಹಳದಿ ಆದರೆ ಗಾಬರಿ ಬೇಡ, ತೊಳೆದು ಬಿಸಿಲಿಗೆ ಇಟ್ಟರೆ ಬಣ್ಣ ಇಳಿಯುತ್ತದೆ. ಪ್ಲಾಸ್ಟಿಕ್ಕೇ ಬೇಕು ಅಂದರೆ ಹಿಂಭಾಗದ ತ್ರಿಕೋನದಲ್ಲಿ 5 ಅಂತ ಇರುವುದನ್ನು ನೋಡಿ, ಅದು ಪಾಲಿಪ್ರೊಪಿಲೀನ್. ಗೀರು ಬಿದ್ದರೆ ಬದಲಾಯಿಸಿ.

ಬೆಳ್ಳಿ ಚಮಚದ ಬಗ್ಗೆ ಹೇಳದಿದ್ದರೆ ಅತ್ತೆಯಂದಿರು ಬಿಡುವುದಿಲ್ಲ. ನಾಮಕರಣಕ್ಕೆ, ಅನ್ನಪ್ರಾಶನಕ್ಕೆ ಬಂದ ಬೆಳ್ಳಿ ಬಟ್ಟಲು, ಚಮಚ ಎಲ್ಲರ ಮನೆಯ ಬೀರುವಿನಲ್ಲೂ ಇರುತ್ತದೆ. ಶಾಸ್ತ್ರಕ್ಕೆ ಅದೇ ಸರಿ. ದಿನಾ ತಿನ್ನೋಕೆ ಕೊಟ್ಟರೆ, ಬೆಳ್ಳಿ ಮೆದು, ಮಗು ನೆಲಕ್ಕೆ ಊರಿ ಒತ್ತಿದರೆ ಹಿಡಿ ಬಾಗುತ್ತದೆ. ಹಿಡಿಯ ಮೇಲಿನ ಹೂವಿನ ಕೆತ್ತನೆಯಲ್ಲಿ ಗಂಜಿ ಕೂತು ಒಣಗುತ್ತದೆ. ಹಿತ್ತಾಳೆ ಚಮಚವಂತೂ ಹುಳಿ ಪದಾರ್ಥಕ್ಕೆ ಬೇಡ. ಒಳಲೆಯ ಕೆಲಸ ಇಷ್ಟು ಹೊತ್ತಿಗೆ ಮುಗಿದಿರುತ್ತದೆ. ಮಗು ಮಲಗಿದ್ದಾಗ ಬಾಯಿಗೆ ಹುಯ್ಯುವುದು ಯಾವ ವಯಸ್ಸಿಗೂ ಒಳ್ಳೆಯದಲ್ಲ, ನೆತ್ತಿಗೆ ಹತ್ತುತ್ತದೆ.

ಫೋರ್ಕ್ ಯಾಕೆ ಬೇಕು?

"ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ ತಾಯಿ? ಕೈಯಲ್ಲಿ ತಿಂದು ಬೆಳೀಲಿಲ್ವಾ ನಾವು?" ಅಂತ ಗುಬ್ಬಿ ಕಡೆಯ ಒಬ್ಬ ಹಿರಿಯರು ಮೊಮ್ಮಗಳ ಫೋರ್ಕ್ ತಿರುಗಿಸಿ ನೋಡುತ್ತಾ ಕೇಳಿದರು. "ಬೆಳೆದ್ರಿ ಯಜಮಾನ್ರೇ, ಕೈ ಯಾರೂ ಬಿಡಿಸ್ತಿಲ್ಲ" ಅಂದೆ. ನನ್ನ ಅಭಿಪ್ರಾಯವೂ ಅದೇ. ಅನ್ನ ಕಲಸುವುದು, ಬಿಸಿ ತಣ್ಣಗೆ ಮುಟ್ಟಿ ತಿಳಿಯುವುದು, ಎರಡು ಬೆರಳಲ್ಲಿ ಕಾಳು ಹೆಕ್ಕುವುದು, ಇದೆಲ್ಲ ಕೈಯಿಂದಲೇ ಬರಬೇಕು. ಮುದ್ದೆಗಂತೂ ಚಮಚವೂ ಬೇಡ, ಫೋರ್ಕೂ ಬೇಡ. ಚಮಚಕ್ಕೆ ಮುದ್ದೆ ಅಂಟಿಕೊಂಡರೆ ಮಗು ಚಮಚವನ್ನೇ ಚೀಪುತ್ತಾ ಕೂರುತ್ತದೆ.

ಆದರೂ ಫೋರ್ಕ್‌ನಲ್ಲಿ ಒಂದು ಅನುಕೂಲ ಇದೆ. ಚಮಚ ಮಗುಚಿದರೆ ತಿನಿಸು ಬೀಳುತ್ತದೆ. ಫೋರ್ಕ್ ಮಗುಚಿದರೂ ಚುಚ್ಚಿದ ಚೂರು ಅಲ್ಲೇ ಇರುತ್ತದೆ. ಮಣಿಕಟ್ಟು ತಿರುಗದ ಮಗುವಿಗೆ ಇದರಿಂದ ಬೇಗ ಗೆಲುವು ಸಿಗುತ್ತದೆ. ಹಾಗಾಗಿ ಒಂದೂಕಾಲು, ಒಂದೂವರೆ ವರ್ಷದಿಂದ ಚಮಚದ ಜೊತೆಗೇ ಕೊಡಬಹುದು. ಪೂರ್ತಿ ಪಳಗೋಕೆ ಮೂರು ವರ್ಷ ಆಗಬಹುದು.

ಫೋರ್ಕ್‌ನ ಹಲ್ಲು ಗಿಡ್ಡ ಇರಲಿ, ತುದಿ ಗುಂಡಗಿರಲಿ, ಮೂರು ಅಥವಾ ನಾಲ್ಕು ಹಲ್ಲಿರಲಿ. ಅಂಗೈಗೆ ಒತ್ತಿ ನೋಡಿ, ಗುರುತು ಬೀಳಬಹುದು, ನೋಯಬಾರದು. ಅದೇ ಫೋರ್ಕನ್ನು ಇಡ್ಲಿಗೆ ಚುಚ್ಚಿ ನೋಡಿ. ನಮ್ಮ ಊರಿನಲ್ಲಿ ಇದಕ್ಕೆ ಕಷ್ಟ ಇಲ್ಲ, ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಒಂದು ಚೂರು ಸಾಕು. ಚುಚ್ಚಿ ಎತ್ತಿದಾಗ ಚೂರು ಫೋರ್ಕ್ ಜೊತೆ ಬರಬೇಕು. ಪ್ಲಾಸ್ಟಿಕ್ ಫೋರ್ಕ್‌ಗಳು ಇಲ್ಲೇ ಸೋಲುತ್ತವೆ. ಹಲ್ಲು ಮೊಂಡು, ಇಡ್ಲಿ ಹಿಂಡಿಹೋಗುತ್ತದೆ, ಮಗು ಸಿಟ್ಟು ಬಂದು ಫೋರ್ಕ್ ಎಸೆಯುತ್ತದೆ. ಹಲ್ಲು ಸ್ಟೀಲ್, ಹಿಡಿ ದಪ್ಪ, ಇದು ಸರಿಯಾದ ಜೋಡಿ.

ಒಂದು ವಿಷಯದಲ್ಲಿ ನಾನು ಗಿರಾಕಿ ಜೊತೆ ಜಗಳಕ್ಕೂ ಸಿದ್ಧ. ಹಣ್ಣು ತಿನ್ನೋಕೆ ಅಂತ ಸ್ಟ್ಯಾಂಡಿನಲ್ಲಿ ಆರು ಪುಟ್ಟ ಫೋರ್ಕ್ ಬರುತ್ತವೆ, ಎರಡೇ ಹಲ್ಲಿನವು. ಗಿಡ್ಡ ಇವೆ, ಮುದ್ದಾಗಿವೆ ಅಂತ ಮಕ್ಕಳಿಗೆ ತಗೊಳ್ಳುತ್ತಾರೆ. ಅದರ ಹಲ್ಲು ಸೂಜಿಯಷ್ಟು ಚೂಪು. ದೊಡ್ಡವರಿಗೆ ಮಾತ್ರ. ಉಪ್ಪಿನಕಾಯಿ ಫೋರ್ಕ್, ಕೇಕ್ ಫೋರ್ಕ್ ಕೂಡ ಅಷ್ಟೆ. ಯಾವ ಫೋರ್ಕ್ ಆದರೂ ಕೂತಾಗ ಮಾತ್ರ ಕೈಗೆ. ಮಗು ಎದ್ದರೆ ಮೊದಲು ಫೋರ್ಕ್ ಇಸ್ಕೊಳ್ಳಿ. ಬಾಯಲ್ಲಿ ಫೋರ್ಕ್ ಇಟ್ಟುಕೊಂಡು ಓಡಿ ಬಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ?

ಫೋರ್ಕಿಗೆ ಏನು ಚುಚ್ಚಿ ಕೊಡುತ್ತೀರಿ ಅನ್ನುವುದೂ ಮುಖ್ಯ. ಪರಂಗಿ ಹಣ್ಣು, ಬೇಯಿಸಿದ ಕ್ಯಾರೆಟ್, ಆಲೂಗಡ್ಡೆ, ಸೀಬೆಯ ಬೀಜ ತೆಗೆದ ಮೆತ್ತಗಿನ ಭಾಗ, ಪನೀರ್, ದಪ್ಪ ದೋಸೆಯ ಚೂರು ಒಳ್ಳೆಯದು. ಎರಡು ಬೆರಳಲ್ಲಿ ಒತ್ತಿದರೆ ಜಜ್ಜಿಹೋಗುವಷ್ಟು ಮೆತ್ತಗಿರಬೇಕು. ದ್ರಾಕ್ಷಿ ಕಾಲದಲ್ಲಿ ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿ ಮನೆಗೆ ಬರುತ್ತದೆ, ಫೋರ್ಕಿಗೆ ಇಡೀ ದ್ರಾಕ್ಷಿ ಚುಚ್ಚಿದರೆ ಫೋಟೋಗೆ ಚೆಂದ. ಆದರೆ ಅದು ಮಗುವಿನ ಉಸಿರುನಾಳಕ್ಕೆ ಸರಿಯಾಗಿ ಕೂತುಬಿಡುವ ಗಾತ್ರ. ಉದ್ದಕ್ಕೆ ಸೀಳಿ ನಾಲ್ಕು ಹೋಳು ಮಾಡಿ, ಬೀಜ ತೆಗೆದು ಕೊಡಿ. ಇಡೀ ಕಡಲೆಕಾಯಿ ಬೀಜ, ಹಸಿ ಕ್ಯಾರೆಟ್ ಗಾಲಿ, ಕೊಬ್ಬರಿ ಚೂರು ಸಣ್ಣ ಮಕ್ಕಳಿಗೆ ಬೇಡವೇ ಬೇಡ. ಕೊಬ್ಬರಿ ನಮ್ಮ ಜಿಲ್ಲೆಯ ಪ್ರತಿ ಅಡುಗೆಮನೆಯಲ್ಲೂ ಕೈಗೆ ಸಿಗುತ್ತದೆ, ಅದಕ್ಕೇ ಬಿಡಿಸಿ ಹೇಳಿದೆ.

ತಟ್ಟೆ, ಮಣೆ, ಮೊದಲ ತುತ್ತು

ಎಷ್ಟು ಒಳ್ಳೆಯ ಚಮಚ ತಂದರೂ ಕೂರುವ ರೀತಿ ತಪ್ಪಿದರೆ ಉಪಯೋಗ ಇಲ್ಲ. ನಮ್ಮಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸುತ್ತೇವೆ, ತಟ್ಟೆಯೂ ನೆಲದ ಮೇಲೆ. ತಟ್ಟೆಯಿಂದ ಬಾಯಿಗೆ ಮಗುವಿನ ಚಮಚ ಅಷ್ಟು ದೂರ ಪ್ರಯಾಣ ಮಾಡಬೇಕು. ಒಂದು ಮಣೆ ಮೇಲೆ ಇನ್ನೊಂದು ಮಣೆ ಇಟ್ಟು ಅದರ ಮೇಲೆ ತಟ್ಟೆ ಇಡಿ. ಮಗುವಿನ ಮೊಣಕೈ ಮಟ್ಟಕ್ಕೆ ತಟ್ಟೆ ಬಂದರೆ ಅರ್ಧ ಚೆಲ್ಲುವುದು ಅಲ್ಲೇ ಕಮ್ಮಿ ಆಗುತ್ತದೆ. ಕೆಳಗೆ ಒಂದು ಒದ್ದೆ ಬಟ್ಟೆ ಹಾಸಿದರೆ ತಟ್ಟೆ ಜಾರುವುದಿಲ್ಲ.

ಅಂಚು ಇಳಿಜಾರಾದ ಊಟದ ತಟ್ಟೆ ಬೇಡ. ಅಂಚು ನೆಟ್ಟಗೆ ಎದ್ದಿರುವ ಸಣ್ಣ ಗಂಗಾಳ ತಗೊಳ್ಳಿ. ಮಗು ಚಮಚವನ್ನು ತಳ್ಳುತ್ತಾ ಹೋಗುತ್ತದೆ, ತಿನಿಸು ಅಂಚಿಗೆ ಒತ್ತಿ ಚಮಚದೊಳಗೆ ತಾನಾಗಿ ಹತ್ತುತ್ತದೆ. ಹೀರುಬಟ್ಟಲು ಅಂತ ನೆಲಕ್ಕೆ ಕಚ್ಚಿಕೊಳ್ಳುವ ಬಟ್ಟಲೂ ಬಂದಿವೆ, ನುಣುಪಾದ ಟೇಬಲ್ ಇದ್ದರೆ ಸರಿ. ನಮ್ಮ ರೆಡ್ ಆಕ್ಸೈಡ್ ನೆಲಕ್ಕೆ ಅದು ಕಚ್ಚುವುದೇ ಇಲ್ಲ.

ಮೊದಲ ದಿನಗಳಲ್ಲಿ ಚಮಚ ತಲೆಕೆಳಗೆ ಮಾಡಿದರೂ ಬೀಳದಂಥ ತಿನಿಸು ಮಾಡಿ. ಗಟ್ಟಿ ರಾಗಿ ಸರಿ, ಚೆನ್ನಾಗಿ ಹಿಸುಕಿದ ಮೊಸರನ್ನ, ಹೆಸರುಬೇಳೆ ಪೊಂಗಲ್. ಪೊಂಗಲ್‌ಗೆ ಮೆಣಸು ಹಾಕುವ ಮುಂಚೆ ಮಗುವಿನ ಪಾಲು ತೆಗೆದಿಡಿ. ಆಮೇಲೆ ಉಪ್ಪಿಟ್ಟು, ನೆನೆಸಿದ ಅವಲಕ್ಕಿ. ಅನ್ನ ಸಾರು ಅದಾದ ಮೇಲೆ. ಮಜ್ಜಿಗೆಗೆ ಚಮಚ ಯಾಕೆ, ಲೋಟ ಕೊಡಿ. ಸ್ಟೀಲ್ ಚಮಚ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಆದ್ದರಿಂದ ತಟ್ಟೆಯ ನಡುವಿನ ತಿನಿಸನ್ನು ನೀವು ಮುಟ್ಟಿ ನೋಡಿಯೇ ಕೊಡಿ. ಮೇಲೆ ಆರಿದ ಸರಿ ಒಳಗೆ ಸುಡುತ್ತಿರುತ್ತದೆ.

ನಮ್ಮ ಮೊಮ್ಮಗನಿಗೆ ಮಗಳು ಮಾಡುವುದು ಹೀಗೆ. ಅವನ ಕೈಯಲ್ಲಿ ಒಂದು ಚಮಚ, ಇವಳ ಕೈಯಲ್ಲಿ ಒಂದು. ಇವಳು ತುಂಬಿಸಿ ತಟ್ಟೆಯ ಅಂಚಿಗೆ ಇಡುತ್ತಾಳೆ. ಅವನು ತನ್ನ ಖಾಲಿ ಚಮಚ ಬಿಟ್ಟು ತುಂಬಿದ್ದನ್ನು ಎತ್ತಿಕೊಳ್ಳುತ್ತಾನೆ. ಅಷ್ಟರಲ್ಲಿ ಖಾಲಿ ಚಮಚ ಮತ್ತೆ ತುಂಬಿರುತ್ತದೆ. ತಾನೇ ತಿಂದೆ ಅನ್ನೋ ಹೆಮ್ಮೆ ಅವನಿಗೆ, ಹೊಟ್ಟೆಗೆ ಹೋಯಿತು ಅನ್ನೋ ನೆಮ್ಮದಿ ಇವಳಿಗೆ. ಹೊಟ್ಟೆ ಸ್ವಲ್ಪ ತುಂಬಿದ ಮೇಲೆ ಆಟ ಜಾಸ್ತಿ ಆಗುತ್ತದೆ. ಚಮಚ ಎಸೆಯೋಕೆ ಶುರು ಮಾಡಿದ ಅಂದರೆ ಊಟ ಮುಗಿಯಿತು ಅಂತಲೇ ಲೆಕ್ಕ, ಹಿಂದೆ ಓಡಿ ತಿನ್ನಿಸುವ ಕೆಲಸ ಬೇಡ.

ಎಡಗೈಯಲ್ಲಿ ಹಿಡಿದರೆ ಹಿರಿಯರು ಕೂಡಲೇ ಬದಲಾಯಿಸುತ್ತಾರೆ. ಈ ವಯಸ್ಸಿನಲ್ಲಿ ಮಕ್ಕಳು ಎರಡೂ ಕೈ ಬಳಸುತ್ತವೆ, ಯಾವ ಕೈ ವಾಡಿಕೆ ಅಂತ ಆಮೇಲೆ ಗೊತ್ತಾಗುತ್ತದೆ. ಕಿತ್ತು ಬದಲಾಯಿಸಬೇಡಿ. ಇದೇ ಕಾರಣಕ್ಕೆ ಒಂದು ಪಕ್ಕಕ್ಕೆ ಬಗ್ಗಿಸಿದ ಚಮಚವನ್ನು ನಾನು ಯಾರಿಗೂ ಹೇಳುವುದಿಲ್ಲ. ಅದು ಒಂದೇ ಕೈಗೆ ಆಗುವುದು. ಮಗು ಕೈ ಬದಲಾಯಿಸಿದ ಕೂಡಲೇ ಗುಳಿ ಕೆನ್ನೆಯ ಕಡೆ ತಿರುಗಿ ಕೂರುತ್ತದೆ. ನೇರ ಚಮಚವೇ ಎರಡೂ ಕೈಗೆ ಸರಿ.

ತೊಳೆಯುವುದಕ್ಕೆ ಮಾಮೂಲಿ ಪಾತ್ರೆ ಸೋಪು ಸಾಕು, ಆದರೆ ಕಬ್ಬಿಣದ ನಾರು ಬೇಡ, ಗೀರಾಗುತ್ತದೆ. ಬೋರ್ ನೀರಿನ ಬಿಳಿ ಕಲೆ ಕೂತರೆ ನಿಂಬೆಹೋಳು ಉಜ್ಜಿ ತೊಳೆಯಿರಿ. ವಾರಕ್ಕೊಮ್ಮೆ ಹತ್ತಿಯಲ್ಲಿ ಅಂಚು ನೋಡುವುದು ಬಿಡಬೇಡಿ, ನೆಲಕ್ಕೆ ಬಿದ್ದು ಬಿದ್ದು ಫೋರ್ಕ್‌ನ ಹಲ್ಲು ಸೊಟ್ಟಗಾಗಿ ತುದಿ ಏಳುತ್ತದೆ. ಮೂರು ವರ್ಷದ ಹೊತ್ತಿಗೆ ಮಗು ಚಮಚವನ್ನು ಮುಷ್ಟಿ ಬಿಟ್ಟು ಬೆರಳಲ್ಲಿ ಹಿಡಿಯೋಕೆ ಶುರು ಮಾಡುತ್ತದೆ. ಆಗ ದಪ್ಪ ಹಿಡಿಯೇ ತೊಡಕು. ಮತ್ತೆ ಅಂಗಡಿಗೆ ಬಂದು ದೊಡ್ಡ ಮಕ್ಕಳ ಸೆಟ್ ಕೇಳಬೇಡಿ, ನಿಮ್ಮ ಮನೆಯ ಟೀ ಚಮಚವನ್ನೇ ಕೊಡಿ.